ಕರಂಟ್ ಬೇಲಿ

ಮಗಳು ಅಮೆರಿಕದಿಂದ ವಿಡಿಯೊ ಕಾಲ್ ಮಾಡಿ, "ಅಪ್ಪಾ, ಹಿತ್ತಲಲ್ಲಿ ಕರಂಟ್ ಗಿಡ ಹಾಕಿದೀವಿ, ನೋಡು" ಅಂದಳು. ನಾನು ಕನ್ನಡಕ ಹುಡುಕುವಷ್ಟರಲ್ಲಿ ನಮ್ಮ ಮನೆಯವಳು ಫೋನ್ ಕಿತ್ತುಕೊಂಡು, "ಅಯ್ಯೋ, ಮಗು ಅಂಬೆಗಾಲಿಡ್ತಾ ಇದೆ, ಮುಟ್ಟಿಗಿಟ್ಟೀತು ಕಣೇ! ಮೊದಲು ಮೇನ್ ಸ್ವಿಚ್ ಆಫ್ ಮಾಡು" ಎಂದು ಕೂಗಿದಳು.

ಅವಳದೇನೂ ತಪ್ಪಿಲ್ಲ. ತರೀಕೆರೆಯಲ್ಲಿ ಕರಂಟ್ ಅಂದರೆ ಒಂದೇ. ಅದು ಬರುತ್ತದೆ, ಹೋಗುತ್ತದೆ. ಹೂ ಬಿಡುವುದಿಲ್ಲ.

ಮಗಳಿರುವುದು ಸಿಯಾಟಲ್ ಊರಿನ ಹೊರವಲಯದಲ್ಲಿ. ಅಲ್ಲಿ ಅದು ಮಾರ್ಚ್ ತಿಂಗಳ ಬೆಳಗು. ಆಳೆತ್ತರದ ಒಂದು ಪೊದೆ. ಎಲೆ ಇನ್ನೂ ಚಿಗುರುತ್ತಿದ್ದ ಕೊಂಬೆಗಳಿಂದ ಗುಲಾಬಿಗೆಂಪು ಹೂಗೊಂಚಲುಗಳು ಇಳಿಬಿದ್ದಿದ್ದವು. ಹೆಬ್ಬೆರಳಿನಷ್ಟೇ ಇರುವ ಹಕ್ಕಿಯೊಂದು ಗಾಳಿಯಲ್ಲಿ ನಿಂತಲ್ಲೇ ನಿಂತು ಹೂವಿಗೆ ಕೊಕ್ಕು ಹಾಕುತ್ತಿತ್ತು. ಹಮ್ಮಿಂಗ್‌ಬರ್ಡ್ ಅಂತೆ. ಗಿಡ ಆ ಸೀಮೆಯದೇ ಅಂತೆ. ಡೇವಿಡ್ ಡಗ್ಲಸ್ ಎಂಬ ಸ್ಕಾಟ್ಲೆಂಡಿನವನು 1820ರ ದಶಕದಲ್ಲಿ ಅದರ ಬೀಜವನ್ನು ಇಂಗ್ಲೆಂಡಿಗೆ ಕಳಿಸಿದ ಮೇಲೆ ಅಲ್ಲಿನ ತೋಟಗಳಲ್ಲೂ ಮನೆಮಾತಾಯಿತಂತೆ. ಮಗಳು, ಅಳಿಯ ಹಿತ್ತಲಿನ ಹುಲ್ಲುಹಾಸನ್ನೆಲ್ಲ ಕಿತ್ತುಹಾಕಿ "ವನ್ಯಜೀವಿ ತೋಟ" ಮಾಡಿದ್ದಾರಂತೆ. ಗೇಟಿಗೊಂದು ಬೋರ್ಡೂ ಇತ್ತು. ನ್ಯಾಷನಲ್ ವೈಲ್ಡ್‌ಲೈಫ್ ಫೆಡರೇಶನ್ ಎಂಬ ಸಂಸ್ಥೆ 1973ರಿಂದ ಹೀಗೆ ಮನೆಮನೆಯ ಹಿತ್ತಲಿಗೂ ಪ್ರಮಾಣಪತ್ರ ಕೊಡುತ್ತಿದೆ. ತಿನ್ನಲು ಆಹಾರ, ಕುಡಿಯಲು ನೀರು, ಅಡಗಲು ಪೊದೆ, ಮರಿ ಮಾಡಲು ಜಾಗ, ಮುಖ್ಯವಾಗಿ ಇವಿಷ್ಟು ಇರಬೇಕು.

"ಇಷ್ಟೂ ನಮ್ಮ ಅಟ್ಟದ ಮೇಲಿದೆ. ಇಲಿಗಳನ್ನು ಕೇಳಿ ಬೇಕಾದರೆ" ಅಂದಳು ಇವಳು.

ನಾನು ನಗಲಿಲ್ಲ. ನನ್ನ ಹೊಟ್ಟೆಯಲ್ಲಿ ಕಿಚ್ಚು ಹತ್ತಿಕೊಂಡಿತ್ತು. ಮೂವತ್ತೆರಡು ವರ್ಷ ಸರ್ಕಾರಿ ಕಚೇರಿಗಳಲ್ಲಿ ಕಡತ ಕಟ್ಟಿ ನಿವೃತ್ತನಾದವನು ನಾನು. ಕಡೂರು, ತರೀಕೆರೆ, ಅಜ್ಜಂಪುರಗಳ ನಡುವೆಯೇ ವರ್ಗವಾಗಿ ವರ್ಗವಾಗಿ, ಕೊನೆಗೆ ತರೀಕೆರೆಯಲ್ಲೊಂದು ಮೂವತ್ತು-ನಲವತ್ತರ ಸೈಟಿನಲ್ಲಿ ಮನೆ ಕಟ್ಟಿಸಿದ್ದೇನೆ. ನಿವೃತ್ತಿಯ ಮೊದಲ ವರ್ಷ ಜೇನು ಸಾಕಿದೆ. ಜೇನು ಒಂದೇ ವಾರದಲ್ಲಿ ಪೆಟ್ಟಿಗೆ ಬಿಟ್ಟು ಹೋಯಿತು. ಎರಡನೆಯ ವರ್ಷ ಎರೆಹುಳು ಗೊಬ್ಬರ. ಎರೆಹುಳುಗಳಿಗೆ ಹೋಗಲು ಕಾಲಿಲ್ಲದ್ದರಿಂದ ಅಲ್ಲೇ ಸತ್ತವು. ಆಗ ಮೂರನೆಯ ವರ್ಷ. ಮೂಡಿಗೆರೆಯಲ್ಲಿ ಕೂತು ತೇಜಸ್ವಿಯವರು ಹಕ್ಕಿಗಳ ಫೋಟೊ ತೆಗೆದು ನಾಡಿಗೇ ತೋರಿಸಲಿಲ್ಲವೆ? ಅದೇ ಜಿಲ್ಲೆಯ ತರೀಕೆರೆಯಲ್ಲಿ ನಾನಿರುವಾಗ ಇತಿಹಾಸ ಮರುಕಳಿಸಲು ಅಡ್ಡಿ ಏನು ಅನ್ನಿಸಿತು.

ಎರಡು ರಾತ್ರಿ ಕೂತು ಅಧ್ಯಯನ ಮಾಡಿದೆ. ಕರಂಟ್ ಅನ್ನುವ ಹೆಸರು ಮೂಲತಃ ಗ್ರೀಸಿನ ಕೊರಿಂಥ್ ಪಟ್ಟಣದ್ದು. ಅಲ್ಲಿಂದ ಬರುತ್ತಿದ್ದ ಪುಟ್ಟ ಒಣದ್ರಾಕ್ಷಿಗೆ ಮೊದಲು ಆ ಹೆಸರಿತ್ತು, ಆಮೇಲೆ ಅದನ್ನು ಹೋಲುವ ಕಾಡುಹಣ್ಣುಗಳಿಗೆಲ್ಲ ಅಂಟಿಕೊಂಡಿತು. ಕಪ್ಪು ಕರಂಟ್ ಗಿಡ ಪೈನ್ ಮರಗಳಿಗೆ ರೋಗ ಹಬ್ಬಿಸುತ್ತದೆಂದು ಅಮೆರಿಕದಲ್ಲಿ ಅದನ್ನು ಬೆಳೆಯುವುದಕ್ಕೇ ಒಂದು ಕಾಲಕ್ಕೆ ನಿಷೇಧವಿತ್ತು; ಕೇಂದ್ರದ ನಿಷೇಧ ತೆಗೆದದ್ದು 1966ರಲ್ಲಿ. ಇದನ್ನೆಲ್ಲ ಬೆಳಿಗ್ಗೆ ಉಪ್ಪಿಟ್ಟಿನ ಮುಂದೆ ಕೂತು ವಿವರಿಸಿದೆ. ಉಪ್ಪಿಟ್ಟು ಆರಿತು. ಕೇಳುವವಳು ಮೊದಲೇ ಎದ್ದು ಹೋಗಿದ್ದಳು.

ಆ ಗಿಡಗಳಿಗೆ ಚಳಿ ಬೇಕು. ನಮ್ಮ ಕಡೆಯ ಚಳಿ ಸ್ವೆಟರ್ ಹಾಕಿಕೊಳ್ಳುವವರಿಗೆ ಸಾಕು, ಕರಂಟಿಗೆ ಸಾಲದು. ನಿರಾಶೆಯಿಂದ ಫೋನ್ ಆಫ್ ಮಾಡುವ ಹೊತ್ತಿಗೆ ಒಂದು ಸಾಲು ಕಣ್ಣಿಗೆ ಬಿತ್ತು: ಭಾರತದ್ದೇ ಒಂದು ಕುರುಚಲು ಗಿಡಕ್ಕೆ ಇಂಗ್ಲಿಷರು "ಬೆಂಗಾಲ್ ಕರಂಟ್" ಎಂದು ಹೆಸರಿಟ್ಟಿದ್ದಾರೆ. ಒಣಭೂಮಿಗೆ ಹೇಳಿ ಮಾಡಿಸಿದ ಗಿಡ, ಮಲ್ಲಿಗೆಯಂಥ ಬಿಳಿ ಹೂ, ಹಕ್ಕಿಗಳಿಗೆ ಪ್ರಿಯವಾದ ಹಣ್ಣು, ಗೂಡಿಗೆ ಮುಳ್ಳಿನ ರಕ್ಷಣೆ. ನಾನು ಎದ್ದು ನಿಂತೆ. ಮರುದಿನವೇ ನರ್ಸರಿಯೊಂದಕ್ಕೆ ಫೋನ್ ಮಾಡಿ, ತಲಾ 150 ರೂಪಾಯಿಯಂತೆ ಏಳು ಸಸಿ ತರಿಸಿದೆ. ಒಟ್ಟು 1,050. ಆಟೊ ಬಾಡಿಗೆ ಬೇರೆ.

ಸಸಿ ಬಂದ ದಿನ ಜಗಲಿಯ ಮೇಲೆ ಸಾಲಾಗಿ ಇಟ್ಟು, "ಬೆಂಗಾಲ್ ಕರಂಟ್" ಎಂದು ಪರಿಚಯಿಸಿದೆ. ಇವಳು ಸೆರಗಿಗೆ ಕೈ ಒರೆಸುತ್ತ ಬಂದಳು. ಒಂದು ಎಲೆ ಚಿವುಟಿದಳು. ಚಿವುಟಿದಲ್ಲಿ ಹಾಲಿನ ಒಂದು ಹನಿ ಮೂಡಿತು. ಅದನ್ನು ಬೆರಳಲ್ಲಿ ಒತ್ತಿ ಎಳೆದಳು. ಅಂಟಿನ ಎಳೆ ಬಂತು. ಎಲೆಯ ಬುಡದಲ್ಲಿದ್ದ ಕವಲು ಮುಳ್ಳನ್ನು ಉಗುರಿನಿಂದ ಮುಟ್ಟಿ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು.

"ರೀ, ಇದು ಕವಳೆ ಗಿಡ ಅಲ್ವೇನ್ರೀ?"

ನಾನು ಫೋನ್ ತೆಗೆದು ಫೋಟೊ ದೊಡ್ಡದು ಮಾಡಿದೆ. ಹೌದು. ಕವಳೆ. ಕೆಲವರು ಕರಂಡೆ ಅನ್ನುತ್ತಾರೆ, ಸಂಸ್ಕೃತದವರು ಕರಮರ್ದ ಅನ್ನುತ್ತಾರೆ, ಲಿನೇಯಸ್ 1767ರಲ್ಲಿ ಕ್ಯಾರಿಸಾ ಕರಂಡಾಸ್ ಅಂದ. ನಾನು ಬೆಂಗಾಲ್ ಕರಂಟ್ ಅಂದು 1,050 ರೂಪಾಯಿ ಕೊಟ್ಟೆ.

ಇವಳ ತವರು ಕಡೂರು ತಾಲ್ಲೂಕಿನಲ್ಲಿ, ಬಾಸೂರು ಕಾವಲಿನ ಕಡೆ. ಈಗ ಅದು ಹೆಸರುವಾಸಿ ಜಾಗ; ಕೃಷ್ಣಮೃಗಗಳಿವೆಯೆಂದು 2011ರಲ್ಲಿ ಆ ಅಮೃತ ಮಹಲ್ ಕಾವಲನ್ನು ಸಂರಕ್ಷಣಾ ಮೀಸಲು ಪ್ರದೇಶವೆಂದು ಸಾರಿದರು. ಇವಳು ಹುಡುಗಿಯಾಗಿದ್ದಾಗ ಅದು ಬರೀ ಕಾವಲು: ಹುಲ್ಲು, ಜಾಲಿ, ಕಾರೆ, ಕವಳೆ ಮೆಳೆ. ಮುಂಗಾರಿನ ಮೊದಲ ಮಳೆ ಬಿದ್ದ ಹೊತ್ತಿಗೆ ಹುಡುಗರ ದಂಡು ಲಂಗದ ಮಡಿಲಿಗೆ, ಚಡ್ಡಿ ಜೇಬಿಗೆ ಕಪ್ಪು ಹಣ್ಣು ತುಂಬಿಕೊಂಡು ಬರುತ್ತಿತ್ತು. ಅವರಿಗೊಂದು ಜೂಜಿತ್ತು. ಒಬ್ಬರು ಹಣ್ಣು ಹಿಡಿದು, "ಕೋಳಿನೋ ಹುಂಜನೋ?" ಅನ್ನಬೇಕು. ಇನ್ನೊಬ್ಬರು ಹೇಳಿದ ಮೇಲೆ ಕಚ್ಚಿ ನೋಡುವುದು. ಒಳಗೆ ಕೆಂಪಗಿದ್ದರೆ ಹುಂಜ, ಬೆಳ್ಳಗಿದ್ದರೆ ಕೋಳಿ. ಸರಿಯಾಗಿ ಹೇಳಿದರೆ ಮುಂದಿನ ಹಣ್ಣು ಅವರಿಗೆ, ತಪ್ಪಿದರೆ ಹಿಡಿದವರಿಗೇ. ಇವಳು ಆ ಕಾಲದಲ್ಲಿ ಊರಿಗೇ ಚಾಂಪಿಯನ್ ಆಗಿದ್ದಳಂತೆ. ಇದನ್ನು ಹೇಳಿದವಳು ಇವಳೇ, ಹಾಗಾಗಿ ನಂಬಲೇಬೇಕು.

ಅತ್ತೆಗೆ ಎಂಬತ್ತು ದಾಟಿದೆ. ಫೋನಿನಲ್ಲಿ ವಿಷಯ ಕೇಳಿ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಕೊನೆಗೆ, "ಅಳಿಯಂದ್ರೇ, ಕವಳೆ ಮೆಳೆ ಕಡಿಯೋಕೆ ಆಳಿಗೆ ಕೂಲಿ ಕೊಟ್ಟಿದ್ದು ಗೊತ್ತು. ದುಡ್ಡು ಕೊಟ್ಟು ತಂದು ನೆಟ್ಟವರನ್ನ ಇವತ್ತೇ ಕೇಳಿದ್ದು. ಮೈ ಹುಷಾರಾಗಿದೀರಾ?" ಅಂದರು.

ನಾನು ಛಲ ಬಿಡಲಿಲ್ಲ. ಕಾಂಪೌಂಡಿನ ಹೊರಗೆ, ರಸ್ತೆಯ ಕಡೆ ನಾಲ್ಕು ಸಸಿ ನೆಟ್ಟೆ. ಒಳಗೆ ಮೂರು. ತರೀಕೆರೆಯವನು ಅಂದ ಕೂಡಲೇ ಜನ ನಾಲಿಗೆ ತೊಡರಿಸುವ ಆ ಮಾತನ್ನು ಹೇಳಿ, ಕೆರೆ ಏರಿ, ಮೂರು ಕರಿ ಕುರಿಮರಿ ಎಂದು ತಡವರಿಸಿ ನಗುತ್ತಾರಲ್ಲ, ನಾನು ಇಷ್ಟು ವರ್ಷ ಅದೊಂದು ಮಕ್ಕಳ ಆಟ ಅಂದುಕೊಂಡಿದ್ದೆ. ಐದನೆಯ ದಿನ ಬೆಳಿಗ್ಗೆ ಗೇಟು ತೆರೆದರೆ ಮೂರು ಕುರಿಮರಿ. ಕರಿಯವು. ಎಣಿಸಿದೆ, ಮೂರೇ. ನನ್ನ ನಾಲ್ಕು ಕರಂಟ್‌ಗಳ ಪೈಕಿ ಮೂರೂವರೆ ಅವುಗಳ ಹೊಟ್ಟೆಯಲ್ಲಿತ್ತು, ಉಳಿದರ್ಧ ಬಾಯಲ್ಲಿತ್ತು. ಎಳೆಯ ಗಿಡದ ಮುಳ್ಳು ಕುರಿಯ ನಾಲಿಗೆಗೆ ಕೊತ್ತಂಬರಿ ಕಡ್ಡಿಗಿಂತ ಹೆಚ್ಚಲ್ಲವೆಂದು ಯಾವ ಪುಸ್ತಕದವರೂ ಬರೆದಿರಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದದ್ದನ್ನು ಕೇಳಿದ್ದೇವೆ. ನಮ್ಮಲ್ಲಿ ಕುರಿ ಬಂದು ಬೇಲಿಯನ್ನೇ ಮೇಯ್ದಿತು.

ಹಿಂದೆ ಬಂದ ಕುರಿಯವನನ್ನು ತರಾಟೆಗೆ ತೆಗೆದುಕೊಂಡೆ. ಅವನು ತಣ್ಣಗೆ, "ಬೇಲಿ ಹಾಕ್ಬಾರ್ದಾ ಸಾರ್?" ಅಂದ.

"ಅದೇ ಬೇಲಿ ಕಣಯ್ಯ!"

ಅವನು ಬುಡ ಮಾತ್ರ ಉಳಿದಿದ್ದ ಕಡ್ಡಿಗಳನ್ನು ನೋಡಿದ, ನನ್ನನ್ನು ನೋಡಿದ, ಮರಿಗಳನ್ನು ಹೊಡೆದುಕೊಂಡು ಹೋದ.

ಒಳಗಿನ ಮೂರಕ್ಕೆ ನಾನು ತಾಯಿಯಂತೆ ನೀರೆರೆದೆ. ಕವಳೆ ಬರ ತಡೆಯುತ್ತದೆ, ಬುಡದಲ್ಲಿ ನಿಂತ ನೀರನ್ನು ತಡೆಯುವುದಿಲ್ಲ. ಒಂದು ಕೊಳೆತುಹೋಯಿತು. ಇನ್ನೊಂದನ್ನು ಮನೆಯ ಮುಂದೆ ನೆಟ್ಟಿದ್ದೆ. ಎದುರು ಮನೆಯವರು ಬಂದು, ಮುಂಬಾಗಿಲಲ್ಲಿ ಮುಳ್ಳಿನ ಗಿಡ ವಾಸ್ತುವಿಗೆ ಆಗುವುದಿಲ್ಲ ಅಂದರು. ನಾನು ವಾಸ್ತು ನಂಬುವವನಲ್ಲ. ಆದರೂ ಯಾಕೆ ಬೇಕು ಎಂದು ಪಕ್ಕಕ್ಕೆ ಕಿತ್ತು ನೆಟ್ಟೆ. ಅಲ್ಲಿ ಅಗಲಕ್ಕೆ ಬೆಳೆದರೆ ಸ್ಕೂಟರ್ ನಿಲ್ಲಿಸುವುದೆಲ್ಲಿ ಎಂದು ಇವಳು ಕೇಳಿದಳು, ಹಿಂದಕ್ಕೆ ಒಯ್ದೆ. ಎರಡನೆಯ ವರ್ಗಾವಣೆಗೆ ಅದು ಪ್ರಾಣ ಬಿಟ್ಟಿತು. ನಾನು ಹನ್ನೊಂದು ವರ್ಗಾವಣೆ ಕಂಡೂ ಬದುಕಿದ್ದೇನೆ ಎಂದು ಆ ದಿನ ನನ್ನ ಬಗ್ಗೆ ನನಗೇ ಗೌರವ ಬಂತು.

ಉಳಿದದ್ದು ಒಂದು. ಬಚ್ಚಲ ಹಿಂದಿನ ಮೂಲೆಯಲ್ಲಿ, ನಾನು ಮರೆತು ಬಿಟ್ಟಿದ್ದ ಒಂದು. ಮೀಟರ್ ನೋಡಲು ಬಂದ ಹುಡುಗ, "ಇದೇನು ಸಾರ್?" ಅಂದಾಗ ಅಭ್ಯಾಸಬಲದಿಂದ "ಕರಂಟ್ ಗಿಡ" ಅಂದುಬಿಟ್ಟೆ. ಅವನು ಗಿಡದಿಂದ ಕಂಬದವರೆಗೆ, ಕಂಬದಿಂದ ಗಿಡದವರೆಗೆ ಎರಡು ಸಲ ಕಣ್ಣಾಡಿಸಿ, ವೈರು ಎಲ್ಲಿಂದ ಎಳೆದಿದ್ದಾನೆ ಈ ಮುದುಕ ಎಂದು ಹುಡುಕಿ, ಬಗ್ಗಿ ಮಣ್ಣನ್ನೂ ಕೆದಕಿ ಹೋದ.

ಇಷ್ಟರಲ್ಲಿ ನನ್ನ ಪ್ರಚಾರಕಾರ್ಯ ಅಜ್ಜಂಪುರಕ್ಕೂ ಹಬ್ಬಿತ್ತು. ಅಕ್ಕನ ಮನೆ ಅಲ್ಲಿ. ಭಾವ ಈರುಳ್ಳಿ ಬೆಳೆಯುವವರು. ಈರುಳ್ಳಿ ಬೆಲೆ ಏರಿದ ವರ್ಷ ಮೀಸೆ ತಿರುವುವವರು, ಇಳಿದ ವರ್ಷ ಮೀಸೆಯನ್ನೇ ತೆಗೆಸುವವರು. ನಾನು ಇವಳನ್ನೂ ಕರೆದುಕೊಂಡು ಹೋದದ್ದು ಮೀಸೆ ಇಲ್ಲದ ವರ್ಷ. ಅಮೃತ ಮಹಲ್ ದನಗಳ ತಳಿ ಕೇಂದ್ರ ಇರುವ ಊರು ಅದು. ಮೈಸೂರು ಅರಸರ ಬೆಣ್ಣೆ ಚಾವಡಿಯ ದನಗಳಿಗೆ ಟಿಪ್ಪು ಅಮೃತ ಮಹಲ್ ಎಂದು ಹೆಸರಿಟ್ಟ ಕಥೆಯಿಂದ ಶುರು ಮಾಡಿ, ಕಾವಲು, ಕುರುಚಲು, ಹಕ್ಕಿ ಎಂದು ಸುತ್ತಿ ಬಳಸಿ, ಕೊನೆಗೆ ವಿಷಯಕ್ಕೆ ಬಂದೆ.

"ಭಾವ, ಹೊಲದ ಸುತ್ತ ಕರಂಟ್ ಬೇಲಿ ಹಾಕಿಸಿ."

"ಅಷ್ಟು ಹೇಳೋಕೆ ಟಿಪ್ಪು ಸುಲ್ತಾನ್ ಯಾಕಯ್ಯ ಬೇಕಿತ್ತು? ಹೋದ ವರ್ಷವೇ ಹಾಕಿಸಿದೀನಿ."

ನನಗೆ ರೋಮಾಂಚನವಾಯಿತು. "ಹೌದಾ! ಹೂ ಬಿಡ್ತಾ?"

ಭಾವ ಯೋಚಿಸಿದರು. "ಹೂ ಅಂದ್ರೆ... ಮಳೆಗಾಲದಲ್ಲಿ ಒಂದೊಂದು ಸಲ ಕಿಡಿ ಹಾರುತ್ತೆ."

ಹಳ್ಳಿಯವರ ಕಾವ್ಯಶಕ್ತಿಗೆ ತಲೆದೂಗಿದೆ. "ಪ್ರಾಣಿಗಳು ಬರ್ತಾವಾ?"

"ಹಂದಿ ಒಂದು ಸಲ ಬಂತು. ಮತ್ತೆ ಬರಲಿಲ್ಲ."

ಮುಳ್ಳಿಗೆ ಹೆದರಿರಬೇಕು ಎಂದುಕೊಂಡೆ. ಸಂಜೆ ಒಬ್ಬನೇ ಹೊಲದ ಕಡೆ ನಡೆದೆ. ಬದುವಿನ ಮೇಲೆ ಗಿಡ ಕಾಣಲಿಲ್ಲ. ನಾಲ್ಕು ಸಾಲು ತಂತಿ, ಬಿಳಿ ಗುಬಟು, ಮೂಲೆಯಲ್ಲೊಂದು ಸೋಲಾರ್ ಹಲಗೆ ಇತ್ತು. ಕರಂಟ್ ಬಹುಶಃ ತಂತಿಯ ಆಚೆ ನೆಟ್ಟಿದ್ದಾರೆ ಎಂದು ಬಗ್ಗಿ, ಮೇಲಿನ ತಂತಿಯನ್ನು ಎತ್ತಿ ಹಿಡಿದೆ.

ಯಾರೋ ಮೊಣಕೈಯ ಒಳಗಿನಿಂದ ಒದ್ದ ಹಾಗಾಯಿತು. ನಾನು "ಅಮ್ಮಾ" ಅಂದೆನಂತೆ. ಅರ್ಧ ಫರ್ಲಾಂಗು ದೂರದಲ್ಲಿದ್ದ ಅಕ್ಕ ದನ ಕೂಗಿತು ಎಂದುಕೊಂಡಳಂತೆ. ಒಂದು ಚಪ್ಪಲಿ ಈರುಳ್ಳಿ ಮಡಿಯಲ್ಲಿ, ಇನ್ನೊಂದು ಕಾಲಲ್ಲಿ. ಪಂಚೆಯ ವಿಷಯ ಬೇಡ. ಸೋಲಾರ್ ಬೇಲಿ ಪ್ರಾಣ ತೆಗೆಯುವುದಿಲ್ಲ, ಬುದ್ಧಿ ಕಲಿಸುತ್ತದೆ ಅಷ್ಟೆ ಎಂದು ಭಾವ ಸಮಾಧಾನ ಹೇಳಿದರು. ಹಂದಿ ಒಂದೇ ಸಲಕ್ಕೆ ಕಲಿಯಿತು ಎಂಬುದನ್ನೂ ಸೇರಿಸಿದರು. ಮೊದಲು ಆ ಬದುವಿನುದ್ದಕ್ಕೂ ಅವರಪ್ಪನ ಕಾಲದ ಕವಳೆ ಮೆಳೆಯೇ ಇತ್ತಂತೆ. ಜೆಸಿಬಿ ತರಿಸಿ ಅರ್ಧ ದಿನದಲ್ಲಿ ತೆಗೆಸಿದರಂತೆ. "ಮೊಲ ಗಿಲ, ಗೌಜಲು, ಎಲ್ಲ ಅದರೊಳಗೇ ಇರ್ತಿದ್ವು" ಅಂದರು. ಅಕ್ಕ ಶುಂಠಿ ಕಷಾಯ ತಂದಳು. ಬಸ್ಸಿನಲ್ಲಿ ವಾಪಸ್ ಬರುವಾಗ ಇವಳು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡೇ ಕೂತಿದ್ದಳು. ಭುಜ ಕುಣಿಯುತ್ತಿತ್ತು. ತರೀಕೆರೆ ಬರುವ ತನಕ ಕುಣಿಯಿತು.

ನಡುವೆ ಪಕ್ಕದ ಮನೆಯ ಹುಡುಗನ ಹುಟ್ಟುಹಬ್ಬವನ್ನೂ ಕೆಡಿಸಿದೆ. ಕೇಕಿನ ಮೇಲೆ ಐದು ಕೆಂಪು ಚೆರ್ರಿ ಕೂತಿದ್ದವು. ಬೇಕರಿಗಳಲ್ಲಿ ಚೆರ್ರಿ ಎಂದು ಸಿಗುವುದು ಎಷ್ಟೋ ಸಲ ಕವಳೆಕಾಯಿ. ಬೀಜ ತೆಗೆದು, ಸಕ್ಕರೆ ಪಾಕದಲ್ಲಿ ಕುದಿಸಿ, ಕೆಂಪು ಬಣ್ಣ ಕೊಟ್ಟದ್ದು. ಈ ಸತ್ಯವನ್ನು ಮೇಣದಬತ್ತಿ ಆರಿಸುವ ಮುಂಚೆಯೇ ಹೇಳಬೇಕಾಗಿರಲಿಲ್ಲ. ಹುಡುಗ ಒಂದೊಂದೇ ಚೆರ್ರಿ ಕಿತ್ತು ನನ್ನ ತಟ್ಟೆಗೆ ಹಾಕಿದ. ಐದನ್ನೂ ನಾನೇ ತಿಂದೆ. ಸತ್ಯ ಸಿಹಿಯಾಗಿತ್ತು, ಅಂಗೈ ಮಾತ್ರ ಎರಡು ದಿನ ಕೆಂಪಗಿತ್ತು.

ಬಚ್ಚಲ ಹಿಂದಿನ ಗಿಡ ನನ್ನ ಗಮನಕ್ಕೆ ಬಾರದೆ ಬೆಳೆಯಿತು. ನಾನು ನೀರು ಹಾಕಲಿಲ್ಲ, ಗೊಬ್ಬರ ಹಾಕಲಿಲ್ಲ. ಬೆಳೆಯಲು ಅದಕ್ಕೆ ಬೇಕಾದದ್ದು ನನ್ನ ಗೈರುಹಾಜರಿ ಮಾತ್ರ. ಮೂರನೆಯ ಬೇಸಿಗೆಗೆ ಎದೆಯುದ್ದ ಬಂದು ಹೂ ಬಿಟ್ಟಿತು. ಬಿಳಿಯ ಐದೆಸಳು, ತೆಳುವಾದ ಕೊಳವೆ, ಸಂಜೆ ಹೊತ್ತಿಗೆ ಮಲ್ಲಿಗೆಯ ಅಣ್ಣನಂಥ ವಾಸನೆ. ನಂದಿಬಟ್ಟಲು, ಕಣಗಿಲೆಗಳ ಕುಟುಂಬದ್ದೇ ಇದು. ಅದಕ್ಕೆ ಸರಿಯಾಗಿ ಒಂದು ಬೆಳಿಗ್ಗೆ ಎಲೆಯ ಕೆಳಗೆ ಬೆರಳುಗಾತ್ರದ ಹಸಿರು ಹುಳು. ಕತ್ತಿನ ಹತ್ತಿರ ಎರಡು ನೀಲಿಗಣ್ಣು ಬರೆದುಕೊಂಡು ನನ್ನನ್ನೇ ದುರುಗುಟ್ಟಿತು. ಕಣಗಿಲೆ ಪತಂಗದ ಮರಿ. ಆ ಕಣ್ಣು ನಿಜವಾದದ್ದಲ್ಲ, ಹೆದರಿಸಲು ಹಾಕಿಕೊಂಡ ವೇಷ. ನಾನು ಹೆದರಿದೆ. ಹಿಂದಕ್ಕೆ ಸರಿದವನು ಮುಳ್ಳಿಗೆ ಬೆನ್ನು ಕೊಟ್ಟೆ. ಇವಳು ಪಿನ್ನು ಹಿಡಿದು ಮುಳ್ಳು ತೆಗೆಯುತ್ತ, "ನಿಮ್ಮ ವನ್ಯಜೀವಿ ತೋಟಕ್ಕೆ ಮೊದಲನೇ ಜೀವಿ ಬಂತಲ್ಲ, ಸಂತೋಷಪಡಿ" ಅಂದಳು.

ಸಂತೋಷಪಟ್ಟೆ. ಬೋರ್ಡ್ ಬರೆಸಿದೆ. ಹಸಿರು ಹಲಗೆಯ ಮೇಲೆ ಬಿಳಿ ಅಕ್ಷರದಲ್ಲಿ "ವನ್ಯಜೀವಿಗಳ ವಾಸಸ್ಥಳ" ಎಂದು ಬರೆಸಿ ಗೇಟಿಗೆ ತೂಗುಹಾಕಿದೆ. ಕೆಳಗೆ ಬಹಳ ಹಿಂದಿನಿಂದ ನನ್ನ ಹೆಸರಿನ ಫಲಕ ಇತ್ತು. ಎರಡನ್ನೂ ಒಟ್ಟಿಗೆ ಓದಿದರೆ ಹೇಗಾಗುತ್ತದೆಂದು ನಾನು ಯೋಚಿಸಿರಲಿಲ್ಲ. ಪೋಸ್ಟ್‌ಮ್ಯಾನ್ ಯೋಚಿಸಿದ. ಹೈಸ್ಕೂಲ್ ಹುಡುಗರು ಸೈಕಲ್ ನಿಲ್ಲಿಸಿ ಯೋಚಿಸಿದರು. ಮೂರನೇ ದಿನ ಇವಳು ಅದನ್ನು ಬಿಚ್ಚಿ ಬಚ್ಚಲ ಒಲೆಯ ಪಕ್ಕ ಇಟ್ಟಳು.

ಹೂವೆಲ್ಲ ಉದುರಿ ಹತ್ತೊಂಬತ್ತು ಕಾಯಿ ನಿಂತವು. ಉಪ್ಪಿನಕಾಯಿಗೆ ಇದಕ್ಕಿಂತ ಹದ ಬೇಕೆ ಎಂದು ಇವಳು ಎರಡು ಸಲ ಬಟ್ಟಲು ಹಿಡಿದು ಬಂದಳು. ಎಳೆಗಾಯಿ ಸೀಳಿ, ಉಪ್ಪು, ಸಾಸಿವೆ, ಹಸಿಮೆಣಸಿನಕಾಯಿ ಅರೆದು ಹಾಕುವ ಅವಳ ಅಮ್ಮನ ಉಪ್ಪಿನಕಾಯಿಯನ್ನು ಬಣ್ಣಿಸಿದಾಗ ನನ್ನ ಬಾಯಲ್ಲೂ ನೀರೂರಿತು. ಆದರೆ ತತ್ವ ತತ್ವವೇ. "ಅದು ಹಕ್ಕಿಗಳ ಪಾಲು" ಅಂದೆ. ಹಸಿರು ಕಾಯಿ ಕೆಂಪಾಯಿತು, ಕೆಂಪು ಕಪ್ಪಾಯಿತು. ನಾನು ದಿನವೂ ಬಚ್ಚಲ ಪಕ್ಕ ಕುರ್ಚಿ ಹಾಕಿ ಕೂತೆ. ಹಕ್ಕಿಗಳು ಬಂದವು. ಪಕ್ಕದ ಮನೆಯ ಕರಿಬೇವಿನ ಮರಕ್ಕೆ ಬಂದವು. ಅದರ ಕಪ್ಪು ಹಣ್ಣಿಗೆ ಪಿಕಳಾರಗಳ ಸಂತೆಯೇ ನೆರೆಯಿತು. ಆ ಮನೆಯವರು ಅದನ್ನು ನೆಟ್ಟದ್ದು ಸಾರಿನ ಒಗ್ಗರಣೆಗೆ. ನನ್ನ ಕಡೆ ಬಂದದ್ದು ಹರಟೆಮಲ್ಲಗಳು ಮಾತ್ರ. ಏಳು ಜನ ಬಂದು, ಗಿಡದ ಕೆಳಗಿನ ದರಗು ಕೆದರಿ, ನನ್ನ ವಿಷಯವೇ ಇರಬೇಕು, ಜೋರಾಗಿ ಚರ್ಚೆ ಮಾಡಿ ಹೋದವು.

ಜೂನ್ ತಿಂಗಳ ಒಂದು ಸಂಜೆ, ಆರೂ ಮುಕ್ಕಾಲು. ಮೋಡ ಕವಿದಿತ್ತು. ಮಗಳ ಕಾಲ್ ಬಂತು, ಅಲ್ಲಿ ಬೆಳಗಾಗಿತ್ತು. ಮಾತಾಡುತ್ತಿರುವಂತೆಯೇ ಕವಳೆಯ ಕೊಂಬೆ ಅಲುಗಿತು. ಕೆಮ್ಮೀಸೆ ಪಿಕಳಾರ! ನೆತ್ತಿಯ ಕರಿ ಜುಟ್ಟು, ಕೆನ್ನೆಯ ಕೆಂಪು, ಬಾಲದ ಬುಡದಲ್ಲಿ ಇನ್ನಷ್ಟು ಕೆಂಪು. ಒಂದು ಹಣ್ಣನ್ನು ಕೊಕ್ಕಿನಲ್ಲಿ ಹಿಡಿದು, ತಿರುಗಿಸಿ, ನುಂಗಲೋ ಬೇಡವೋ ಎಂದು ನೋಡುತ್ತಿತ್ತು. ನಾನು ಉಸಿರು ಬಿಗಿಹಿಡಿದು ಫೋನ್ ತಿರುಗಿಸಿದೆ. "ನೋಡು, ನೋಡು ಮಗಾ, ನಮ್ಮ ಕರಂಟ್..."

ಕರಂಟ್ ಹೋಯಿತು.

ವೈಫೈ ಸತ್ತಿತು. ಪರದೆಯ ಮೇಲೆ ಮಗಳ ಮುಖ ಬಾಯಿ ತೆರೆದುಕೊಂಡು ನಿಂತುಬಿಟ್ಟಿತು. ಒಂದು ನಿಮಿಷದ ಮೇಲೆ ಮೆಸೇಜ್ ಬಂತು: "ಅಪ್ಪಾ, ಕರಂಟ್ ಕಾಣಿಸ್ಲಿಲ್ಲ." ಇಲ್ಲೂ ಇಲ್ಲ ಎಂದು ಬರೆದೆ.

ಪಿಕಳಾರ ಹಾರಿಹೋಗಿತ್ತು. ಮಳೆಹನಿ ಶುರುವಾಯಿತು. ಬಚ್ಚಲ ಕಟ್ಟೆಯ ಮೇಲೆ ಕತ್ತಲಲ್ಲಿ ಕೂತೆ. ಇವಳು ಬಂದು ಪಕ್ಕದಲ್ಲಿ ಕೂತಳು. ಮಡಿಲಲ್ಲಿ ಏನೋ ಇತ್ತು. ಅದನ್ನು ಯಾವಾಗ ಕೊಯ್ದಳೋ ದೇವರೇ ಬಲ್ಲ.

"ಕೋಳಿನೋ, ಹುಂಜನೋ?"

"ಇದು ಹಕ್ಕಿಗಳ..."

"ಕೋಳಿನೋ, ಹುಂಜನೋ ಹೇಳ್ರೀ."

"ಹುಂಜ."

ಕಚ್ಚಿದ ಸದ್ದು. "ಕೋಳಿ" ಅಂದಳು, ಬಾಯಿ ತುಂಬಿಕೊಂಡೇ.

"ಕತ್ತಲಲ್ಲಿ ನಿನಗೆ ಹೇಗೆ ಗೊತ್ತಾಯ್ತು?"

"ರುಚಿ ನೋಡಿದ್ರೆ ಗೊತ್ತಾಗಲ್ವಾ? ಹೂಂ, ಇದು?"

"ಕೋಳಿ."

"ಹುಂಜ."

ಕರಂಟ್ ಬಂದಾಗ ನಾನು ಹನ್ನೊಂದು ಹಣ್ಣು ಸೋತಿದ್ದೆ.